ಗೋಲಿ ಅಕ್ಕನ ಕಿರುಬೆರಳು

ಅವಳ ಎಡಗೈಯ ಕಿರುಬೆರಳು ನಡುಗೆಣ್ಣಿನಿಂದ ಹೊರಕ್ಕೆ ಸೊಟ್ಟಗಾಗಿತ್ತು. ಕೈ ಚಾಚಿದರೆ ಉಳಿದ ಬೆರಳುಗಳೆಲ್ಲ ನೆಟ್ಟಗೆ, ಅದೊಂದು ಮಾತ್ರ ಪಕ್ಕದವರನ್ನು ಕರೆಯುವ ಹಾಗೆ ಓರೆಯಾಗಿ. ಎಂಟು ವರ್ಷದವಳಿದ್ದಾಗ ಲೈನಿನ, ಅಂದರೆ ಗಣಿ ಕಾರ್ಮಿಕರ ಸಾಲುಮನೆಗಳ, ಹುಡುಗರ ಜೊತೆ ಫುಟ್‌ಬಾಲ್ ಆಡಲು ಹೋಗಿ ಮುರಿದುಕೊಂಡದ್ದಂತೆ. ಅಜ್ಜಿ ಮೊಟ್ಟೆಯ ಬಿಳಿಗೆ ಉದ್ದಿನಹಿಟ್ಟು ಕಲಸಿ ಪಟ್ಟು ಹಾಕಿದ್ದಳು. ಪಟ್ಟು ಒಣಗುವಷ್ಟರಲ್ಲಿ ಇವಳು ಮತ್ತೆ ಗೋಲಿನ ಮುಂದೆ ನಿಂತಿದ್ದಳು. ಬೆರಳು ತನಗೆ ತೋಚಿದ ಹಾಗೆ ಕೂಡಿಕೊಂಡಿತು. ಆ ಬೆರಳನ್ನು ನಾನು ನೋಡಿದಷ್ಟು ಹತ್ತಿರದಿಂದ ಅವಳನ್ನು ಹೆತ್ತವಳೂ ನೋಡಿರಲಿಕ್ಕಿಲ್ಲ. ಒಂದು ಸೀಸನ್ ಪೂರ್ತಿ, ಪ್ರತಿ ಪಂದ್ಯಕ್ಕೂ ಮೊದಲು, ಅದಕ್ಕೆ ಟೇಪು ಸುತ್ತಿದವಳು ನಾನು.

ಕಾಲೇಜಿನಲ್ಲಿ ಎಲ್ಲರೂ ಅವಳನ್ನು ಗೋಲಿ ಅಕ್ಕ ಎನ್ನುತ್ತಿದ್ದರು. ಗೋಲ್‌ಕೀಪರಿಗೆ ಗೋಲಿ ಅನ್ನುವುದು ಕೆಜಿಎಫ್‌ನ ರೂಢಿ. ಅವಳು ನಂದಿದುರ್ಗದ ಗಣಿಯ ಲೈನಿನವಳು. ತಾತ ಗಣಿಯ ತಂಡಕ್ಕೆ ಆಡಿದವನು, ಅಪ್ಪ ಲೈನಿನ ತಂಡಕ್ಕೆ ಆಡಿದವನು. ಮನೆಯಲ್ಲಿ ಗಂಡುಮಕ್ಕಳಿಲ್ಲದ್ದರಿಂದ ಆಟ ಇವಳ ಪಾಲಿಗೆ ಬಂತು. ನಾನು ಮೊದಲ ವರ್ಷದ ಬಿ.ಎ.ಗೆ ಸೇರಿದಾಗ ಅವಳು ಕೊನೆಯ ವರ್ಷದಲ್ಲಿದ್ದಳು.

ನಮ್ಮದು ಬಂಗಾರಪೇಟೆಯಿಂದ ಒಂದಿಷ್ಟು ಒಳಗೆ ಇರುವ ಹಳ್ಳಿ. ಮನೆಯಲ್ಲಿ ಮೂರು ಸೀಮೆಹಸು. ಬೆಳಗ್ಗೆ ಹಾಲು ಕರೆದು, ಡೈರಿಗೆ ಹಾಕಿ, ಸೈಕಲ್ ತುಳಿದು ಸ್ಟೇಷನ್ನಿಗೆ ಬಂದು ಮಾರಿಕುಪ್ಪಂ ರೈಲು ಹಿಡಿಯುತ್ತಿದ್ದೆ. ಫುಟ್‌ಬಾಲ್ ಅನ್ನುವುದನ್ನು ಟಿ.ವಿ.ಯಲ್ಲಿ ಬಿಟ್ಟರೆ ಕಣ್ಣಲ್ಲಿ ಕಂಡವಳಲ್ಲ. ನಮ್ಮೂರಲ್ಲಿ ಹೆಣ್ಣುಮಕ್ಕಳು ಆಡಿದರೆ ಕೊಕ್ಕೊ, ಕಬಡ್ಡಿ. ಆದರೆ ನಾನು ಐದಡಿ ಏಳಂಗುಲ. ಕಾಲೇಜಿನ ಮೊದಲ ವಾರದಲ್ಲೇ ಪಿ.ಡಿ. ಸರ್, ಅಂದರೆ ನಮ್ಮ ದೈಹಿಕ ಶಿಕ್ಷಣದ ಮೇಷ್ಟ್ರು, ಕಾರಿಡಾರಿನಲ್ಲಿ ನನ್ನನ್ನು ತಡೆದು ನಿಲ್ಲಿಸಿದರು.

"ಕೈ ಉದ್ದ ಐತಲ್ಲಮ್ಮಾ. ಗೋಲಿಗೆ ನಿಲ್ತೀಯಾ?"

ನಿಲ್ಲುತ್ತೇನೆ ಅಂದೆ. ನಿಲ್ಲುವುದರಲ್ಲಿ ಏನಿದೆ ಅಂದುಕೊಂಡಿದ್ದೆ.

ಅವತ್ತು ಸಂಜೆ ಗ್ರೌಂಡಿನಲ್ಲಿ ಅವಳನ್ನು ಮೊದಲ ಸಲ ನೋಡಿದೆ. ನನ್ನ ಭುಜಕ್ಕೆ ಬರುತ್ತಿದ್ದಳು. ಇವಳೇ ನಮ್ಮ ಗೋಲಿ ಎಂದು ಪಿ.ಡಿ. ಸರ್ ಹೇಳಿದಾಗ ತಮಾಷೆ ಮಾಡುತ್ತಿದ್ದಾರೆ ಎಂದೇ ತಿಳಿದೆ. ಅವಳು ನನ್ನನ್ನು ಗೋಲಿನ ಮುಂದೆ ನಿಲ್ಲಿಸಿ, ಹತ್ತು ಹೆಜ್ಜೆ ದೂರ ಹೋಗಿ, ಹತ್ತು ಚೆಂಡು ಹೊಡೆದಳು. ಜೋರಾಗಿ ಅಲ್ಲ. ನೆಲಕ್ಕೆ ಅಂಟಿಕೊಂಡು ಉರುಳುವ ಹಾಗೆ. ಏಳು ಚೆಂಡು ನನ್ನ ಕಾಲ ಸಂದಿಯಲ್ಲೋ ಪಕ್ಕದಲ್ಲೋ ಒಳಗೆ ಹೋದವು.

"ಇಷ್ಟುದ್ದ ಬೆಳ್ದಿದ್ದೀಯಲ್ಲಾ, ಬಗ್ಗೋಕೆ ಬರಲ್ವಾ ಡೀ?" ಎಂದಳು. ಅವಳ ಕನ್ನಡದಲ್ಲಿ ಈ ತಮಿಳಿನ ಡೀ ಎಲ್ಲಿ ಬೇಕಾದರೂ ಬರುತ್ತಿತ್ತು.

"ಬಗ್ಗೋದು ನಮ್ಗೇನ್ ಒಸದಲ್ಲ ಕಣಕ್ಕ. ಆಲು ನಿಂತ್ಕಂಡ್ ಕರೀತಾರಾ ಯಾರಾನ?" ಎಂದೆ. ಸಿಟ್ಟು ಬಂದಿತ್ತು.

ಅವಳು ನಕ್ಕಳು. ಅವತ್ತಿನಿಂದ ನಾನು ಪಾಲುಕಾರಿ. ತಮಿಳಿನಲ್ಲಿ ಹಾಲು ಮಾರುವವಳು. ಮೂರು ವರ್ಷ ಕಾಲೇಜಿನಲ್ಲಿ ಬಹಳ ಜನಕ್ಕೆ ನನ್ನ ನಿಜವಾದ ಹೆಸರು ಗೊತ್ತಿರಲಿಲ್ಲ.

ಎರಡನೇ ಗೋಲಿ ಅನ್ನುವುದು ಎಂಥ ಪಾಡು ಅಂತ ಆಡಿದವರಿಗೇ ಗೊತ್ತು. ಎರಡನೇ ಫಾರ್ವರ್ಡು, ಮೂರನೇ ಫಾರ್ವರ್ಡು ಇದ್ದರೆ ಎಲ್ಲರೂ ಆಡಬಹುದು. ಗೋಲಿಗೆ ಜಾಗ ಒಂದೇ. ನಮ್ಮ ತಂಡದಲ್ಲಂತೂ ಗ್ಲೌಸೂ ಒಂದೇ ಜೊತೆ. ದಿನಾ ಸಂಜೆ ಅರ್ಧ ಗಂಟೆ ನಾನು ಚೆಂಡು ಎಸೆಯಬೇಕು, ಅವಳು ಹಿಡಿಯಬೇಕು. ಅಂದರೆ ಅವಳು ಚೆನ್ನಾಗಿ ಆಡುವುದಕ್ಕೆ ನಾನು ಬೆವರು ಸುರಿಸಬೇಕು, ಅವಳು ಚೆನ್ನಾಗಿ ಆಡಿದಷ್ಟೂ ನಾನು ಬೆಂಚಿನಲ್ಲೇ ಕೂರಬೇಕು. ಇದು ಯಾವ ನ್ಯಾಯ ಎಂದು ರೈಲಿನಲ್ಲಿ ಮನೆಗೆ ಹೋಗುವಾಗ ದಿನಾ ಲೆಕ್ಕ ಹಾಕುತ್ತಿದ್ದೆ. ಬೇಕೆಂದೇ ಕಷ್ಟದ ಚೆಂಡುಗಳನ್ನು ಎಸೆಯುತ್ತಿದ್ದೆ. ಗೋಲಿನ ಮೇಲಿನ ಬಾರಿಗೆ ತಾಗುವಂತೆ ಎತ್ತರಕ್ಕೆ, ಅವಳ ಕೈಗೆ ನಿಲುಕದ ಹಾಗೆ. ಹಾರಿ ಬಿದ್ದು, ಮಂಡಿ ತರಚಿಕೊಂಡು ಎದ್ದು, "ಸೂಪರ್ ಡೀ, ಇಂಥದೇ ಎಸಿ" ಅನ್ನುತ್ತಿದ್ದಳು. ನನ್ನ ಹೊಟ್ಟೆಕಿಚ್ಚನ್ನೂ ಅವಳು ಅಭ್ಯಾಸಕ್ಕೆ ಬಳಸಿಕೊಂಡಳು.

ಟೇಪು ಸುತ್ತುವುದೂ ಎರಡನೇ ಗೋಲಿಯದೇ ಕೆಲಸ. ತನ್ನ ಕೈಗೆ ತಾನೇ ಸುತ್ತಿಕೊಳ್ಳಲು ಬರುವುದಿಲ್ಲವಲ್ಲ. ಅವಳದೊಂದು ಕ್ರಮವಿತ್ತು. ಹಳೇ ಪಂಚೆಯ ತುಂಡೊಂದನ್ನು ಮಡಿಸಿ ಕಿರುಬೆರಳಿಗೂ ಉಂಗುರದ ಬೆರಳಿಗೂ ನಡುವೆ ಇಡಬೇಕು. ಆಮೇಲೆ ಎರಡು ಬೆರಳನ್ನೂ ಸೇರಿಸಿ ವೈರಿಂಗ್ ಟೇಪು ಸುತ್ತಬೇಕು. ಗೆಣ್ಣಿನ ಕೆಳಗೆ ಎರಡು ಸುತ್ತು, ಗೆಣ್ಣಿನ ಮೇಲುಗಡೆ ಎರಡು ಸುತ್ತು. ಗೆಣ್ಣನ್ನು ಮಾತ್ರ ಖಾಲಿ ಬಿಡಬೇಕು. "ಗೆಣ್ಣು ಬಿಡು. ಅದು ಮುಚ್ಚಿದ್ರೆ ಬೆರಳು ಬಗ್ಗಲ್ಲ, ಬಗ್ಗದಿದ್ರೆ ಚೆಂಡು ನಿಲ್ಲಲ್ಲ" ಎಂದು ಮೊದಲ ದಿನವೇ ಹೇಳಿದ್ದಳು. ಸುತ್ತಿ ಮುಗಿದ ಮೇಲೆ ಎರಡು ಸಲ ಮುಷ್ಟಿ ಹಿಡಿದು ಬಿಟ್ಟು, ಜೇಬಿನಿಂದ ನಾಲ್ಕು ಹುರಿಗಡಲೆ ಬಾಯಿಗೆ ಹಾಕಿಕೊಂಡು, ಗ್ಲೌಸು ತೊಟ್ಟು ನಡೆಯುವಳು.

ಗಿಡ್ಡಿಯಾಗಿ ಅವಳು ಹೇಗೆ ಹಿಡಿಯುತ್ತಿದ್ದಳು ಅನ್ನುವುದನ್ನು ಹೇಳಬೇಕು. ಪಂದ್ಯ ಶುರುವಾಗುವ ಮೊದಲು ಗೋಲಿನ ನಟ್ಟನಡುವಿನಿಂದ ಮುಂದಕ್ಕೆ ಎಂಟು ಹೆಜ್ಜೆ ದೂರ ಹಿಮ್ಮಡಿಯಿಂದ ಮಣ್ಣಿನಲ್ಲಿ ಗೀರು ಎಳೆಯುತ್ತಿದ್ದಳು. ರೆಫರಿ ಬಯ್ದರೆ ಸಾರಿ ಸಾರ್ ಎಂದು ಅಳಿಸಿ, ಅವರು ಅತ್ತ ತಿರುಗಿದಾಗ ಮತ್ತೆ ಎಳೆಯುವಳು. ಆ ಗೀರು ನೋಡಿಕೊಂಡು ತಾನು ಎಲ್ಲಿದ್ದೇನೆ ಎಂದು ತಿಳಿಯುತ್ತಿದ್ದಳು. ಎದುರಿನವರು ಚೆಂಡು ತಂದರೆ ಹಿಂದೆ ನಿಲ್ಲದೆ ಮುಂದೆ ನುಗ್ಗುವಳು. "ಗೋಲಿ ಗೆರೆ ಮೇಲೆ ಕೂತ್ರೆ ಗೋಲು ದೊಡ್ದಾಗ್ತದೆ ಪಾಲುಕಾರಿ. ಮುಂದೆ ಬಂದ್ರೆ ಚಿಕ್ಕದಾಗ್ತದೆ" ಅನ್ನುವಳು. ನಾನು ಮನಸ್ಸಿನಲ್ಲೇ, ಇದೆಲ್ಲ ಗಿಡ್ಡಿಯರ ಕಸರತ್ತು, ನನ್ನಷ್ಟು ಎತ್ತರವಿದ್ದರೆ ಇದು ಯಾತಕ್ಕೆ ಬೇಕು, ಅಂದುಕೊಳ್ಳುತ್ತಿದ್ದೆ. ಒಮ್ಮೆ ಅಭ್ಯಾಸದಲ್ಲಿ ಮೂರು ಗೋಲು ಬಿಟ್ಟು ಗ್ರೌಂಡು ಸರಿಯಿಲ್ಲ, ಕಲ್ಲು ಜಾಸ್ತಿ ಅಂದೆ. ಪಿ.ಡಿ. ಸರ್, "ಕುಣೀಲಾರದವಳು ನೆಲ ಡೊಂಕು ಅಂದ್ಲಂತೆ" ಎಂದರು. ಅವಳ ವಿಷಯ ಬಂದಾಗಲೆಲ್ಲ ಅವರ ಬಾಯಿಗೆ ಬರುತ್ತಿದ್ದ ಗಾದೆ ಬೇರೆ. "ಮೂರ್ತಿ ಚಿಕ್ಕದಾದ್ರೂ ಕೀರ್ತಿ ದೊಡ್ಡದು." ಆ ಗಾದೆಯನ್ನು ನಾನು ಇವತ್ತಿಗೂ ಯಾವ ಮಕ್ಕಳಿಗೂ ಹೇಳಿಕೊಟ್ಟಿಲ್ಲ.

ನಮ್ಮ ಸೀಸನ್ ಅಂದರೆ ಬಹಳ ದೊಡ್ಡದೇನಲ್ಲ. ನಮ್ಮ ಕಡೆ ಹೆಣ್ಣುಮಕ್ಕಳ ತಂಡ ಇದ್ದದ್ದೇ ಐದು ಕಾಲೇಜಿನಲ್ಲಿ. ನಾಲ್ಕು ಪಂದ್ಯ, ಮೇಲೆ ಬಂದರೆ ಫೈನಲ್. ಆದರೆ ಫೈನಲ್ ನೋಡಲು ಯೂನಿವರ್ಸಿಟಿಯಿಂದ ಆಯ್ಕೆ ಮಾಡುವವರು ಬರುತ್ತಾರೆ ಎಂಬ ಮಾತಿತ್ತು. ಯೂನಿವರ್ಸಿಟಿ ತಂಡಕ್ಕೆ ಆಡಿದ ಸರ್ಟಿಫಿಕೇಟ್ ಒಂದು ಕೈಗೆ ಬಂದರೆ ಬಿ.ಪಿ.ಎಡ್. ಸೀಟು ಸಲೀಸು, ಅಲ್ಲಿಂದ ಯಾವುದಾದರೂ ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಕೆಲಸ. ಅವಳಿಗೆ ಬೇಕಿದ್ದದ್ದು ಅದೊಂದೇ. "ಸಂಬಳ ಕೊಟ್ಟು ದಿನಾ ಚೆಂಡು ಮುಟ್ಟೋಕ್ ಬಿಡ್ತಾರೆ ಡೀ, ಅದಕ್ಕಿಂತ ಇನ್ನೇನ್ ಬೇಕು" ಅನ್ನುತ್ತಿದ್ದಳು. ಅವಳಿಗೆ ಅದು ಕೊನೆಯ ವರ್ಷ. ಅವಳ ಬಾಯಿಂದ ಅಷ್ಟು ಸಲ ಕೇಳಿ ಕೇಳಿ ನನಗೂ ಅದೇ ಬೇಕು ಅನ್ನಿಸತೊಡಗಿತು. ಆ ಆಸೆಯೂ ಅವಳಿಂದ ಕದ್ದದ್ದೇ.

ಮುಳಬಾಗಿಲಿನವರ ಮೇಲೆ ಗೆದ್ದೆವು. ಕೋಲಾರದವರ ಮೇಲೆ ಸಮ ಆಯಿತು. ಮೂರನೆಯದು ಬಂಗಾರಪೇಟೆಯಲ್ಲಿ, ಅಲ್ಲಿನವರ ಗ್ರೌಂಡಿನಲ್ಲೇ. ನಮ್ಮೂರಿಗೆ ಹತ್ತಿರ ಎಂದು ಅವ್ವ ಬಂದಿದ್ದಳು. ಮಗಳು ಆಡುತ್ತಾಳೆ ಎಂದು ನಾಲ್ಕು ಜನಕ್ಕೆ ಹೇಳಿಕೊಂಡು, ಬುತ್ತಿಯಲ್ಲಿ ಒಬ್ಬಟ್ಟು, ಒಂದು ಸಣ್ಣ ಡಬ್ಬಿಯಲ್ಲಿ ತುಪ್ಪ ತಂದಿದ್ದಳು. ನಾನು ಆಡುವುದಿಲ್ಲ, ಕೂರುತ್ತೇನೆ ಎಂದು ಅವಳಿಗೆ ಹೇಳಲು ನನಗೆ ನಾಲಗೆ ಬಂದಿರಲಿಲ್ಲ.

ಆ ಪಂದ್ಯದಲ್ಲಿ ಎದುರಿನವರಿಗೆ ಒಂದು ಪೆನಾಲ್ಟಿ ಸಿಕ್ಕಿತು. ಹೊಡೆಯುವವಳು ಚೆಂಡು ಇಟ್ಟು ಹಿಂದೆ ಸರಿಯುವವರೆಗೂ ಗೋಲಿ ಅಕ್ಕ ಅವಳ ಜೊತೆ ಮಾತಾಡುತ್ತಲೇ ಇದ್ದಳು. ಊರು ಯಾವುದು, ತಿಂಡಿ ಆಯಿತಾ, ಶೂ ಎಲ್ಲಿ ತಗೊಂಡೆ. ಪಾಪ, ಆ ಹುಡುಗಿ ಉತ್ತರ ಕೊಡುತ್ತಾ ಕೊಡುತ್ತಾ ಓಡಿ ಬಂದು ಹೊಡೆದಳು. ಅಕ್ಕ ಬಲಕ್ಕೆ ಬಿದ್ದಳು, ಚೆಂಡು ನಡುವಿಗೆ ಬಂತು, ಬಿದ್ದವಳು ಕಾಲೆತ್ತಿ ಒದ್ದಳು. ಚೆಂಡು ಬಾರಿನ ಮೇಲಿಂದ ಆಚೆ ಹೋಯಿತು. ಇಡೀ ಗ್ರೌಂಡು ನಕ್ಕು ಚಪ್ಪಾಳೆ ತಟ್ಟಿತು. ಎದುರು ತಂಡದವರೇ ತಟ್ಟಿದರು. ನಾನೂ ತಟ್ಟಿದೆ. ಎರಡು ಸಲ.

ಪಂದ್ಯ ಮುಗಿದ ಮೇಲೆ ಅವ್ವ ಬುತ್ತಿ ಬಿಚ್ಚಿದಳು. ಮೊದಲ ಒಬ್ಬಟ್ಟು, ಮೇಲೆ ಧಾರಾಳ ತುಪ್ಪ, ಗೋಲಿ ಅಕ್ಕನ ಕೈಗೆ.

"ಯಾರ ಮಗಳಮ್ಮಾ ನೀನು? ಏನ್ ಚೆಂದಾಗ್ ಇಡೀತೀಯಾ. ತಿನ್ನು, ತಿನ್ನು" ಎಂದಳು.

ನಾನು ಕೈ ಚಾಚಿದೆ. ಅವ್ವ ನನ್ನ ಮುಖ ಕೂಡ ನೋಡಲಿಲ್ಲ.

"ತಡಿಯೇ. ನೀನೇನ್ ಕುಂತಿದ್ದೆ. ಅವ್ಳು ಬಿದ್ದು ಎದ್ದು ಸುಸ್ತಾಗವ್ಳೆ."

ಹೆತ್ತವಳ ಬಾಯಿಂದ ಬಂದ ಆ ಮಾತು ನನ್ನನ್ನು ಸುಟ್ಟಿತು. ಗೋಲಿ ಅಕ್ಕ ಒಬ್ಬಟ್ಟನ್ನು ಎರಡು ತುಂಡು ಮಾಡಿ ದೊಡ್ಡ ತುಂಡನ್ನು ನನಗೆ ಕೊಟ್ಟಳು. "ನಿಮ್ ಮಗಳು ದಿನಾ ಎಸೆದೂ ಎಸೆದೂ ನನ್ನ ಇಂಗ್ ಮಾಡಿರೋದು ಆಂಟಿ" ಎಂದಳು. ಅದು ನಿಜ. ನಿಜವಾದ್ದರಿಂದಲೇ ಇನ್ನಷ್ಟು ಉರಿಯಿತು. ಒಬ್ಬಟ್ಟು ತಿಂದೆ, ರುಚಿ ನೆನಪಿಲ್ಲ.

ಮಾಲೂರಿನವರ ಮೇಲೂ ಗೆದ್ದು ಫೈನಲ್ಲಿಗೆ ಬಂದೆವು. ಎದುರು ಕೋಲಾರದವರು. ಫೈನಲ್ ಕೆಜಿಎಫ್‌ನಲ್ಲಿ. ಗೋಲಿ ಅಕ್ಕನ ಅರ್ಧ ಲೈನೇ ಗ್ರೌಂಡಿಗೆ ಬಂದಿತ್ತು. ಅವಳ ತಾತನಿಗೆ ಯಾರೋ ಕುರ್ಚಿ ಹಾಕಿದ್ದರು. ಚಿನ್ನ ತೆಗೆದ ಮೇಲೆ ಉಳಿದ ಮಣ್ಣು ಸುರಿದ ಸೈನೈಡ್ ದಿಬ್ಬದ ಕಡೆಯಿಂದ ಗಾಳಿ ಎದ್ದು ಬಿಳಿ ದೂಳು ಹಾರುತ್ತಿತ್ತು. ಯೂನಿವರ್ಸಿಟಿಯಿಂದ ಇಬ್ಬರು ಬಂದು ಶಾಮಿಯಾನದ ಕೆಳಗೆ ಕೂತಿದ್ದರು, ತೊಡೆಯ ಮೇಲೆ ಹಾಳೆ ಇಟ್ಟುಕೊಂಡು.

ಮೈದಾನದ ಮೂಲೆಯಲ್ಲಿ ನಾವಿಬ್ಬರೂ ನೆಲದ ಮೇಲೆ ಕೂತೆವು. ಅವಳು ಎಡಗೈಯನ್ನು ನನ್ನ ಮಡಿಲಿಗೆ ಚಾಚಿದಳು. ಬಟ್ಟೆ ಇಟ್ಟೆ. ಗೆಣ್ಣಿನ ಕೆಳಗೆ ಎರಡು ಸುತ್ತು ಹಾಕಿದೆ. ಅವಳು ಶಾಮಿಯಾನದ ಕಡೆ ನೋಡುತ್ತಾ, "ಅವ್ರೇನಾ ಬಂದಿರೋದು?" ಎಂದಳು. ದನಿ ಸ್ವಲ್ಪ ನಡುಗಿತು. ಅಷ್ಟು ದಿನದಲ್ಲಿ ಅವಳ ದನಿ ನಡುಗಿದ್ದನ್ನು ನಾನು ಕೇಳಿರಲಿಲ್ಲ. ಇವಳು ಇವತ್ತು ಗೆಲ್ಲುತ್ತಾಳೆ, ಆಯ್ಕೆಯಾಗುತ್ತಾಳೆ, ಹೋಗುತ್ತಾಳೆ, ನನ್ನ ಕಾಲಕ್ಕೆ ಈ ಜನ, ಈ ಶಾಮಿಯಾನ, ಈ ಕುರ್ಚಿ ಯಾವುದೂ ಇರುವುದಿಲ್ಲ ಅನ್ನಿಸಿತು. ಕೈ ಟೇಪು ಎಳೆಯಿತು. ಗೆಣ್ಣಿನ ಮೇಲೆಯೇ ಒಂದು ಸುತ್ತು. ಇನ್ನೊಂದು ಸುತ್ತು. ಆಮೇಲೆ ಮೇಲಿನ ಎರಡು ಸುತ್ತು ಹಾಕಿ ಹಲ್ಲಿನಿಂದ ಟೇಪು ಕಚ್ಚಿ ಹರಿದೆ. ಕೈತಪ್ಪಿ ಆದದ್ದು ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಕೈತಪ್ಪಿ ಎರಡು ಸುತ್ತು ಬರುವುದಿಲ್ಲ.

ಅವಳು ಮುಷ್ಟಿ ಹಿಡಿದು ನೋಡಿದಳು. ಎರಡು ಬೆರಳು ಬಗ್ಗಲಿಲ್ಲ. ನನ್ನನ್ನು ನೋಡಿದಳು.

"ಆಯ್ತಾ?"

"ಆಯ್ತಕ್ಕ."

ಗ್ಲೌಸು ತೊಟ್ಟು ಎದ್ದು ಹೋದಳು. ಹುರಿಗಡಲೆ ತಿನ್ನಲಿಲ್ಲ.

ಮೊದಲ ಅರ್ಧದಲ್ಲಿ ಕೋಲಾರದ ಹುಡುಗಿಯೊಬ್ಬಳು ದೂರದಿಂದ ಹೊಡೆದಳು. ಅಷ್ಟೇನೂ ಬಿರುಸಾದ ಹೊಡೆತವಲ್ಲ. ಗೋಲಿ ಅಕ್ಕನ ಎಡಕ್ಕೆ, ಎದೆಯ ಎತ್ತರಕ್ಕೆ. ಅಂಥದನ್ನು ನಾನು ದಿನಕ್ಕೆ ಇಪ್ಪತ್ತು ಎಸೆದಿದ್ದೆ, ಅವಳು ಇಪ್ಪತ್ತೂ ಹಿಡಿದಿದ್ದಳು. ಎರಡು ಕೈಯೂ ಚೆಂಡಿಗೆ ತಾಗಿದವು. ಚೆಂಡು ಎಡಗೈಯ ಹೊರಬೆರಳುಗಳಿಂದ ಜಾರಿ, ಅವಳ ಹಿಂದೆ ಬಿದ್ದು, ಮೆಲ್ಲಗೆ ಗೆರೆ ದಾಟಿತು. ಲೈನಿನವರೆಲ್ಲ ಅಯ್ಯೋ ಅಂದರು. ಬೆಂಚಿನಲ್ಲಿ ಕೂತ ನಾನು ಶಾಮಿಯಾನದ ಕಡೆ ನೋಡಿದೆ. ಅವರಲ್ಲೊಬ್ಬರು ಹಾಳೆಯ ಮೇಲೆ ಏನೋ ಬರೆದುಕೊಂಡರು. ಮೊದಲು ನನಗೆ ಖುಷಿಯಾಯಿತು. ಅದನ್ನು ಮುಚ್ಚಿಟ್ಟು ಈ ಬರಹ ಬರೆದು ಪ್ರಯೋಜನವಿಲ್ಲ. ಆಮೇಲೆ ಟೇಪಿನ ಸುರುಳಿಯನ್ನು ಬೆಂಚಿನ ಕೆಳಗೆ ಸರಿಸಿದೆ.

ಹಾಫ್‌ಟೈಮಿಗೆ ಪಿ.ಡಿ. ಸರ್ ಅವಳ ಕೈ ನೋಡದೆ, ಮುಖ ನೋಡದೆ, ನನಗೆ ಹೇಳಿದರು. "ನೀನು ಇಳಿಯಮ್ಮಾ. ಅವ್ಳು ಇವತ್ತು ಸರೀಗಿಲ್ಲ."

ಗೋಲಿ ಅಕ್ಕನಿಗೆ ಪಿ.ಡಿ. ಸರ್ ಜೊತೆ ಜಗಳವಾಡುವಷ್ಟು ಸಲಿಗೆ ಇತ್ತು. ಟೇಪು ತೋರಿಸಿ ಒಂದು ಮಾತು ಹೇಳಿದ್ದರೆ ಸಾಕಿತ್ತು. ಬದಲಿಗೆ ಗ್ಲೌಸು ಕಳಚಿ, ನನ್ನ ಮುಂದೆ ಕೂತು, ಕೈ ಚಾಚಿದಳು.

"ಬಿಚ್ಚು. ಸೀಕಿರಂ."

ಬೇಗ ಬಿಚ್ಚಲು ಆಗಲಿಲ್ಲ. ನನ್ನ ಉಗುರಿಗೆ ಟೇಪಿನ ತುದಿ ಸಿಗುತ್ತಿರಲಿಲ್ಲ. ಕೊನೆಗೆ ಬಿಚ್ಚಿದಾಗ ಗೆಣ್ಣಿನ ಸುತ್ತ ಚರ್ಮ ಬೆಳ್ಳಗಾಗಿ ಕುಗ್ಗಿತ್ತು. ಇಬ್ಬರೂ ಅದನ್ನು ನೋಡಿದೆವು. ಅವಳು ಬೆರಳು ನೀವಿಕೊಂಡು, ಒದ್ದೆಯಾಗಿದ್ದ ಗ್ಲೌಸಿನ ಒಳಗನ್ನು ತನ್ನ ಜರ್ಸಿಗೆ ಒರೆಸಿ, ನನ್ನ ಕೈಗೆ ತಾನೇ ತೊಡಿಸಿದಳು. ಮಣಿಕಟ್ಟಿನ ಪಟ್ಟಿ ಬಿಗಿದಳು. ಅಷ್ಟು ನಾಜೂಕಾಗಿ ನಾನು ಅವಳಿಗೆ ಒಂದು ದಿನವೂ ತೊಡಿಸಿರಲಿಲ್ಲ.

ಎರಡನೇ ಅರ್ಧದ ಬಗ್ಗೆ ಊರವರು ಇವತ್ತಿಗೂ ಹೇಳುತ್ತಾರೆ. ಆ ಉದ್ದನೆ ಹುಡುಗಿ ಬಂದಳು, ಆಟ ತಿರುಗಿತು ಅಂತ. ನಾನು ಐದು ಚೆಂಡು ತಡೆದೆ. ನಮ್ಮವರು ಎರಡು ಗೋಲು ಹೊಡೆದರು. ಗೆದ್ದೆವು. ಇಷ್ಟು ಎಲ್ಲರಿಗೂ ಗೊತ್ತು. ಯಾರಿಗೂ ಗೊತ್ತಿಲ್ಲದ್ದು, ಆ ಅರ್ಧ ಪೂರ್ತಿ ಅವಳು ಗೋಲಿನ ಹಿಂದೆ, ಆಚೆ ಹೋದ ಚೆಂಡು ಹೆಕ್ಕಿಕೊಡುವ ನೆಪದಲ್ಲಿ, ನಿಂತಿದ್ದಳು. ನನಗೆ ಮಾತ್ರ ಕೇಳುವಷ್ಟು ದನಿಯಲ್ಲಿ ಹೇಳುತ್ತಿದ್ದಳು. "ಎಡಕ್ಕೆರಡೆಜ್ಜೆ. ಇನ್ನೊಂದು. ನಿಲ್ಲು." "ಅವ್ಳು ಬಲಗಾಲಿನೋಳು, ಅತ್ಲಾಗ್ ಒಡೀತಾಳೆ." "ಈಗ ಬಾ, ಮುಂದೆ ಬಾ, ಬಾ ಡೀ." "ಬಗ್ಗು." ಐದರಲ್ಲಿ ಒಂದು ಚೆಂಡನ್ನೂ ನಾನು ನನ್ನ ಬುದ್ಧಿಯಿಂದ ಹಿಡಿಯಲಿಲ್ಲ. ಅವಳು ನಿಲ್ಲು ಅಂದಲ್ಲಿ ನಿಂತೆ, ಬಗ್ಗು ಅಂದಾಗ ಬಗ್ಗಿದೆ, ಚೆಂಡು ಬಂದು ನನ್ನ ಕೈಗೆ ಸೇರಿತು. ಮೊದಲ ಅರ್ಧದಲ್ಲಿ ಅವಳು ಎಳೆದಿದ್ದ ಗೀರು ಆ ಕಡೆಯ ಗೋಲಿನ ಮುಂದೆ ಉಳಿದಿತ್ತು. ಈ ಕಡೆ ನನಗೆ ಅವಳ ದನಿಯೇ ಗೀರು.

ಕೊನೆಯ ಸೀಟಿಗೆ ಎಲ್ಲರೂ ನನ್ನನ್ನು ಹೆಗಲ ಮೇಲೆ ಎತ್ತಿದರು. ಶಾಮಿಯಾನದವರು ಬಂದು ಹೆಸರು, ಊರು, ವಯಸ್ಸು ಕೇಳಿ ಬರೆದುಕೊಂಡರು. ಮೇಲಿಂದ ನೋಡಿದರೆ ಅವಳು ತಾತನನ್ನು ಕುರ್ಚಿಯಿಂದ ಎಬ್ಬಿಸುತ್ತಿದ್ದಳು. ಹೋಗುವ ಮೊದಲು ನನ್ನ ಹತ್ತಿರ ಬಂದು, "ಗ್ಲೌಸು ಒಗೆದು ಒಣಗ್ಸು. ಬಿಸಿಲಲ್ಲಿ ಬೇಡ, ನೆರಳಲ್ಲಿ" ಎಂದಳು. ಅಷ್ಟೇ.

ನಾನು ಯೂನಿವರ್ಸಿಟಿ ತಂಡಕ್ಕೆ ಆಯ್ಕೆಯಾದೆ. ಸರ್ಟಿಫಿಕೇಟ್ ಬಂತು, ಬಿ.ಪಿ.ಎಡ್. ಸೀಟು ಸಿಕ್ಕಿತು, ಬಂಗಾರಪೇಟೆಯ ಒಂದು ಖಾಸಗಿ ಸ್ಕೂಲಿನಲ್ಲಿ ಪಿ.ಟಿ. ಟೀಚರ್ ಆದೆ. ಅವಳು ಬಯಸಿದ್ದೆಲ್ಲ ಸಾಲಾಗಿ ನನಗೆ ಆಯಿತು. ಅವಳು ಡಿಗ್ರಿ ಮುಗಿಸಿ ಬೆಂಗಳೂರಿನ ಒಂದು ಕಂಪನಿಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಸೇರಿದಳು. ಬೆಳಗ್ಗೆ ಮಾರಿಕುಪ್ಪಂ ರೈಲಿನಲ್ಲಿ ಹೋಗಿ ಸಂಜೆ ಅದರಲ್ಲೇ ಬರುವುದು. ಬಂಗಾರಪೇಟೆಯಲ್ಲಿ ರೈಲು ನಿಂತಾಗ ಕಿಟಕಿಯಲ್ಲಿ ಅವಳನ್ನು ಕೆಲವು ಸಲ ಕಂಡಿದ್ದೇನೆ. ಒಂದು ಸಲ ಕೈ ಎತ್ತಿದೆ. ಇನ್ನೊಂದು ಸಲ, ಕುತ್ತಿಗೆಯಲ್ಲಿ ಸೀಟಿ ತೂಗುಹಾಕಿಕೊಂಡಿದ್ದವಳು, ಟೀ ಅಂಗಡಿಯ ಹಿಂದೆ ಹೋಗಿ ನಿಂತೆ.

ಇಷ್ಟೆಲ್ಲ ಸಿಕ್ಕ ಮೇಲೆ ನನ್ನ ಹೊಟ್ಟೆಕಿಚ್ಚು ಆರಬೇಕಿತ್ತು. ಆರಲಿಲ್ಲ. ಅವಳು ಭಾನುವಾರದ ದಿನ ನಂದಿದುರ್ಗದ ಹುಡುಗಿಯರನ್ನು ಕಟ್ಟಿಕೊಂಡು ಆಡಿಸುತ್ತಾಳೆ ಎಂದು ಕೇಳಿದ್ದೆ. ಹೋದ ತಿಂಗಳು ನನ್ನ ಸ್ಕೂಲಿನ ತಂಡವನ್ನು ಅವರ ಮೇಲೆ ಆಡಲು ಕರೆದುಕೊಂಡು ಹೋದೆ. ನನ್ನ ಹುಡುಗಿಯರಿಗೆ ಒಳ್ಳೆ ಶೂ, ಒಳ್ಳೆ ಜರ್ಸಿ, ಸಂಬಳದ ಟೀಚರ್. ನಾಲ್ಕು ಗೋಲಿನಿಂದ ಸೋತೆವು. ಅವರ ಗೋಲಿ ಒಂದು ಪುಟ್ಟ ಹುಡುಗಿ. ಹಿಮ್ಮಡಿಯಿಂದ ಮಣ್ಣಿನಲ್ಲಿ ಗೀರು ಎಳೆದುಕೊಂಡು ಮುಂದೆ ಬಂದು ನಿಂತಿದ್ದಳು. ನನ್ನವರು ಹೊಡೆದ ಒಂದು ಚೆಂಡೂ ಒಳಗೆ ಹೋಗಲಿಲ್ಲ.

ಅದರ ಮುಂದಿನ ಭಾನುವಾರ ಅವಳ ಮನೆಗೆ ಹೋದೆ. ಪಶ್ಚಾತ್ತಾಪದಿಂದ ಹೋದೆ ಎಂದರೆ ಚೆನ್ನಾಗಿರುತ್ತದೆ. ಹೊಟ್ಟೆಕಿಚ್ಚೇ ನನ್ನನ್ನು ಎಳೆದುಕೊಂಡು ಹೋದದ್ದು. ಎಲ್ಲ ಕಿತ್ತುಕೊಂಡ ಮೇಲೂ ಇವಳಲ್ಲಿ ಏನು ಉಳಿದಿದೆ ಎಂದು ನೋಡಬೇಕಿತ್ತು. ಅವಳು ಬಾಗಿಲ ಮೆಟ್ಟಿಲ ಮೇಲೆ ಕೂತು ಮೊರದಲ್ಲಿ ಸೊಪ್ಪು ಬಿಡಿಸುತ್ತಿದ್ದಳು.

"ಬಾ ಪಾಲುಕಾರಿ. ನಾಲ್ಕು ಗೋಲು ವಾಪಸ್ ಕೇಳೋಕ್ ಬಂದ್ಯಾ?"

ಪಕ್ಕದಲ್ಲಿ ಕೂತೆ. ಬಹಳ ಸುತ್ತಿ ಬಳಸುವುದಕ್ಕೆ ನನಗೆ ಬರುವುದಿಲ್ಲ. "ಅಕ್ಕ, ಫೈನಲ್ ದಿನ ಟೇಪು ಗೆಣ್ಣಿನ್ ಮೇಲೆ ಸುತ್ತಿದ್ದೆ. ಬೇಕು ಅಂತ್ಲೇ" ಎಂದೆ.

"ಗೊತ್ತು."

"ಗೊತ್ತಿತ್ತಾ?"

"ನನ್ ಬೆರಳು ಡೀ ಅ‌ದು. ನೀನ್ ಸುತ್ತುವಾಗ್ಲೇ ಗೊತ್ತಾಯ್ತು."

"ಮತ್ತೆ ಯಾಕ್ ಬಿಚ್ಸ್‌ಲಿಲ್ಲ? ಯಾಕ್ ಯಾರ್ಗೂ ಏಳ್ಲಿಲ್ಲ?"

ಅವಳು ಒಂದು ಕಡ್ಡಿ ಸೊಪ್ಪು ಬಿಡಿಸಿ ಮುಗಿಸಿದಳು.

"ಬಿಚ್ಚಿ ಸುತ್ತೋಕೆ ಟೈಮಿತ್ತು. ನಾನೇ ಬೇಡ ಅನ್ಕೊಂಡೆ. ತಿಮಿರು, ಸೊಕ್ಕು. ಈ ಪಾಲುಕಾರಿ ಎರಡು ಬೆರಳು ಕಟ್ಟಿದ್ರೇನು, ಇನ್ನೆಂಟು ಇದೆಯಲ್ಲ, ಎಂಟ್ರಲ್ಲೇ ಇಡಿದು ಇವ್ಳ ಮುಖ ನೋಡ್ಬೇಕು ಅನ್ಕೊಂಡೆ. ನಿನ್ ಮುಖ ನೆನ್ಸ್ಕೊಂಡು ಒಂದೆಜ್ಜೆ ಇಂದೆ ನಿಂತ್ಬಿಟ್ಟೆ. ಅದಕ್ಕೇ ಓಯ್ತು."

"ಇಲ್ಲಕ್ಕ, ಅದು ನನ್ನಿಂದ..."

"ಏಯ್, ಪೋದುಂ." ಸಾಕು ಎಂದು ಕೈ ಎತ್ತಿದಳು. ಮೊದಲ ಸಲ ಅವಳ ದನಿಯಲ್ಲಿ ಸಿಟ್ಟು ಕೇಳಿದೆ. "ಎಲ್ಲಾ ತಗೊಂಡೆ. ತಗೋ, ನಾನೇನೂ ಕೇಳಲ್ಲ. ಆ ಗೋಲು ನಂದು. ನನ್ ಕೈಯಿಂದ ಓಗಿದ್ದು. ಅದ್ನೂ ತಗೊಂಡ್ ಓಗೋಕ್ ಬಂದಿದ್ದೀಯಾ?"

ಇಷ್ಟು ವರ್ಷ ನನ್ನದೆಂದು ಹೊತ್ತುಕೊಂಡು ತಿರುಗಿದ ಒಂದೇ ಒಂದು ಪಾಪವನ್ನೂ ಅವಳು ನನಗೆ ಬಿಟ್ಟುಕೊಡಲಿಲ್ಲ. ಅವಳು ಹೇಳಿದ್ದು ನಿಜವೋ, ನನ್ನ ಮುಖ ನೋಡಲಾರದೆ ಕಟ್ಟಿದ ಮಾತೋ, ಇವತ್ತಿಗೂ ಗೊತ್ತಿಲ್ಲ. ಅವಳು ಮೊರವನ್ನು ನನ್ನ ಕಡೆ ತಳ್ಳಿದಳು. ಇಬ್ಬರೂ ಸ್ವಲ್ಪ ಹೊತ್ತು ಸೊಪ್ಪು ಬಿಡಿಸಿದೆವು.

"ನಾನ್ ನಿಂಗೇನ್ ಮಾಡ್ಲಿ ಏಳಕ್ಕ" ಎಂದೆ ಕೊನೆಗೆ.

"ನಂಗೇನ್ ಮಾಡ್ತೀಯ. ನಮ್ ಚಿಕ್ ಗೋಲಿಗೆ ಎತ್ತರದ್ ಚೆಂಡು ಎಸೆಯೋಕೆ ಉದ್ದ ಇರೋರು ಯಾರೂ ಇಲ್ಲ ಇಲ್ಲಿ. ಭಾನುವಾರ ಬಿಡುವಿದ್ರೆ ಬಾ."

ಈಗ ಪ್ರತಿ ಭಾನುವಾರ ಬಂಗಾರಪೇಟೆಯಿಂದ ಮಾರಿಕುಪ್ಪಂ ರೈಲು ಹತ್ತುತ್ತೇನೆ. ನಾನು ಚೆಂಡು ಎಸೆಯುತ್ತೇನೆ, ಆ ಪುಟ್ಟ ಹುಡುಗಿ ಹಾರುತ್ತಾಳೆ. ಗೋಲಿ ಅಕ್ಕ ಅವಳ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೇಳುತ್ತಿರುತ್ತಾಳೆ. ಮುಂದೆ ಬಾ, ನಿಲ್ಲು, ಬಗ್ಗು ಡೀ. ನಾನು ನಿಂತಲ್ಲಿಗೆ ಆ ಮಾತು ಸರಿಯಾಗಿ ಕೇಳಿಸುವುದಿಲ್ಲ. ಆ ಹುಡುಗಿಯನ್ನು ಕಂಡರೆ ನನಗೆ ಹೊಟ್ಟೆಕಿಚ್ಚು.